ಮೂರು ಮೊಲಗಳಿಗೆ ಮುನ್ನೂರು ಕಿಲೋ ಹುಲ್ಲು

ಮೈಸೂರಿನಲ್ಲಿ ನಾವು ಬಾಡಿಗೆಗಿರುವ ಮನೆಯ ಮಹಡಿ ಕೋಣೆಯಲ್ಲಿ ಈಗ ಏಳು ಪಿಂಡಿ ಒಣಹುಲ್ಲು ಇದೆ. ಕಿಲೋಗೆ 44 ರೂಪಾಯಿ ಚಿಲ್ಲರೆ ಬಿದ್ದ ಈ ಹುಲ್ಲನ್ನು ಹುಡುಕಿ, ತೂಗಿಸಿ, ಮನೆಗೆ ತಂದು, ನಮ್ಮ ಮೂರು ಮೊಲಗಳು ಅದಕ್ಕೆ ಬಾಯಿ ಹಾಕುವಷ್ಟರಲ್ಲಿ ಏಳು ತಿಂಗಳು ಕಳೆದಿದ್ದವು. ಆ ಏಳು ತಿಂಗಳಲ್ಲಿ ನಾನು ಕಳೆದುಕೊಂಡ ದುಡ್ಡು ಮತ್ತು ನೆಮ್ಮದಿ ಬೇರೆಯವರಿಗಾದರೂ ಉಳಿಯಲಿ ಎಂದು, ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಎಳ್ಳು ಮತ್ತು ಬೆಲ್ಲ ಮೂರು ವರ್ಷಗಳ ಹಿಂದಿನ ಸಂಕ್ರಾಂತಿಯ ದಿನ ಮಗಳ ಜೊತೆ ಮನೆಗೆ ಬಂದವು. ಹೆಸರೂ ಹಾಗಾಗಿಯೇ ಬಂದದ್ದು. ಅವಲಕ್ಕಿ ಎಂಬ ಬಿಳಿಯ ಮೊಲವನ್ನು, ಊರು ಬಿಟ್ಟು ಹೋಗುತ್ತಿದ್ದ ನೆರೆಮನೆಯವರು ಒಂದು ವರ್ಷದ ನಂತರ ನಮ್ಮ ಮಡಿಲಿಗೆ ಹಾಕಿದರು. ಮೂರೂ ಹೆಚ್ಚುಕಡಿಮೆ ಎರಡೆರಡು ಕಿಲೋ ತೂಗುತ್ತವೆ. ಅವು ಬಂದಾಗಿನಿಂದ ಸಾಕುಪ್ರಾಣಿಗಳ ಅಂಗಡಿಯಿಂದ ಹೊರದೇಶದ ಟಿಮೊಥಿ ಹುಲ್ಲನ್ನು ತರುತ್ತಿದ್ದೆವು. ಒಂದು ಕಿಲೋ ಪೊಟ್ಟಣಕ್ಕೆ 780 ರೂಪಾಯಿ. ತಿಂಗಳಿಗೆ ಮೂರು ಪೊಟ್ಟಣ ತಂದು, ಮಿಕ್ಕಿದ್ದನ್ನು ಗುಳಿಗೆಯಂಥ ಸಿದ್ಧ ಆಹಾರ, ಕ್ಯಾರೆಟ್ಟು, ಕೊತ್ತಂಬರಿ ಸೊಪ್ಪಿನಲ್ಲಿ ಸರಿದೂಗಿಸುತ್ತಿದ್ದೆವು. ತಪ್ಪು ನಡೆದದ್ದು ಅಲ್ಲಿಯೇ, ಆದರೆ ಅದು ನಮಗೆ ಗೊತ್ತಾದದ್ದು ಕಳೆದ ಆಗಸ್ಟ್‌ನಲ್ಲಿ.

ಒಂದು ಬೆಳಿಗ್ಗೆ ಬೆಲ್ಲ ಮೂಲೆಯಲ್ಲಿ ಮುದುಡಿ ಕುಳಿತಿತ್ತು. ಬುಟ್ಟಿಯಲ್ಲಿ ರಾತ್ರಿಯ ಹಿಕ್ಕೆಗಳು ಎಂದಿನ ಗಾತ್ರದ ಅರ್ಧದಷ್ಟಿದ್ದವು, ಸಂಖ್ಯೆಯಲ್ಲಿ ಹತ್ತೂ ಇರಲಿಲ್ಲ. ಕೊತ್ತಂಬರಿ ಹಿಡಿದರೆ ಮುಖ ತಿರುಗಿಸಿತು. ಮಧ್ಯಾಹ್ನದ ಹೊತ್ತಿಗೆ ಹಲ್ಲು ಕಡಿಯುವ ಸದ್ದು ಕೇಳಿಸತೊಡಗಿತು. ಅದು ನೋವಿನ ಗುರುತು ಎಂದು ವೈದ್ಯರು ಹೇಳಿದ ಮೇಲೆ ತಿಳಿಯಿತು. ಹೊಟ್ಟೆಯ ಚಲನೆ ನಿಂತುಹೋಗಿತ್ತು. ಮೊಲಕ್ಕೆ ಹೀಗಾದರೆ ನಾಳೆ ನೋಡೋಣ ಎಂದು ಕಾಯುವ ಹಾಗಿಲ್ಲ, ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಕುತ್ತು ಬರಬಹುದು. ಮೂರು ದಿನ ಚರ್ಮದಡಿಗೆ ದ್ರವ ಕೊಡಿಸಿ, ನೋವಿನ ಔಷಧಿ ಹಾಕಿಸಿ, ಸಿರಿಂಜಿನಲ್ಲಿ ಆಹಾರ ತಿನ್ನಿಸಿದ ಮೇಲೆ ಅದು ಚೇತರಿಸಿಕೊಂಡಿತು. ಖರ್ಚು 4,600 ರೂಪಾಯಿ. ನಾಲ್ಕನೆಯ ದಿನ ಬುಟ್ಟಿಯಲ್ಲಿ ದುಂಡಗಿನ ಹಿಕ್ಕೆಗಳನ್ನು ಕಂಡು ಮಗಳೂ ನಾನೂ ಹಬ್ಬ ಬಂದವರಂತೆ ಸಂಭ್ರಮಪಟ್ಟದ್ದನ್ನು ಮೊಲ ಸಾಕದವರಿಗೆ ವಿವರಿಸುವುದು ಕಷ್ಟ.

ವೈದ್ಯರು ದಿನಕ್ಕೆ ಎಷ್ಟು ಹುಲ್ಲು ಹಾಕುತ್ತೀರಿ ಎಂದು ಕೇಳಿದರು. ಮೂರಕ್ಕೂ ಸೇರಿ ನೂರು ಗ್ರಾಂ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದೊಂದಕ್ಕೇ ಅಷ್ಟು ಬೇಕಲ್ಲ ಮೇಡಂ ಎಂದರು. ಮೊಲದ ಆಹಾರದಲ್ಲಿ ನೂರಕ್ಕೆ ಎಂಬತ್ತು ಪಾಲಾದರೂ ನಾರಿನ ಹುಲ್ಲೇ ಇರಬೇಕು. ಅದರ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಹುಲ್ಲನ್ನು ಅಡ್ಡಡ್ಡ ಅರೆದು ಅರೆದು ಸವೆಯಬೇಕು. ಕರುಳು ನಡೆಯುವುದೂ ಉದ್ದನೆಯ ನಾರು ಹಿಂದಿನಿಂದ ತಳ್ಳುತ್ತಿದ್ದರೆ ಮಾತ್ರ. ಗುಳಿಗೆಯಲ್ಲಿ ನಾರಿದ್ದರೂ ಅದು ಪುಡಿಯಾಗಿರುತ್ತದೆ, ಎರಡು ನಿಮಿಷದಲ್ಲಿ ತಿಂದು ಮುಗಿಯುತ್ತದೆ. ಒಟ್ಟಿನಲ್ಲಿ, ದುಡ್ಡು ಉಳಿಸಲು ಹೋಗಿ ನಾವು ಬೆಲ್ಲನನ್ನು ಹಸಿವಿಲ್ಲದ ಉಪವಾಸಕ್ಕೆ ಕೆಡವಿದ್ದೆವು.

ಮನೆಗೆ ಬಂದು ಲೆಕ್ಕ ಹಾಕಿದೆ. ಮೂರು ಮೊಲಕ್ಕೆ ದಿನಕ್ಕೆ 300 ಗ್ರಾಂ, ಎಳೆದು ತುಳಿದು ಹಾಳುಮಾಡುವುದು ಸೇರಿದರೆ ತಿಂಗಳಿಗೆ ಹತ್ತು ಕಿಲೋ. ಪೊಟ್ಟಣದ ದರದಲ್ಲಿ 7,800 ರೂಪಾಯಿ. ನಮ್ಮ ಮನೆಯವರು ಲೆಕ್ಕದ ಚೀಟಿಯನ್ನು ನೋಡಿ, ಇಷ್ಟಕ್ಕೆ ಒಂದು ಹಸುವನ್ನೇ ಸಾಕಬಹುದು ಎಂದರು. ತಮಾಷೆಗೆ ಹೇಳಿದ್ದರೂ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಸುತ್ತ ನಾಲ್ಕು ಜಿಲ್ಲೆಗಳಲ್ಲಿ ದನ, ಕುರಿ, ಕುದುರೆಗಳೆಲ್ಲ ಹುಲ್ಲು ತಿನ್ನುತ್ತಿರುವಾಗ ಮೊಲಕ್ಕೆ ಮಾತ್ರ ಅಮೆರಿಕದಿಂದ ಹುಲ್ಲು ಬರಬೇಕೆ?

ಆ ಹುಮ್ಮಸ್ಸಿನಲ್ಲಿ ನಾನು ಊರಾಚೆಯ ಮೇವಿನ ಅಂಗಡಿಗೆ ಹೋಗಿ, ಒಣಹುಲ್ಲು ಬೇಕು ಎಂದೆ. ಅಂಗಡಿಯವರು ‘ದನಕ್ಕಾ, ಕುರಿಗಾ ಅಕ್ಕಾ?’ ಎಂದರು. ಮೊಲಕ್ಕೆ ಎಂದಾಗ ಅವರಿಗೆ ನಗು ತಡೆಯಲಾಗಲಿಲ್ಲ, ಆದರೂ ಒಂದು ಹೊರೆಯನ್ನು ಆಟೋದಲ್ಲಿ ಇರಿಸಿಕೊಟ್ಟರು. 250 ರೂಪಾಯಿ. ಮನೆಗೆ ತಂದು ಬಿಚ್ಚಿದರೆ ಬಂಗಾರದ ಬಣ್ಣದ ರಾಗಿ ಹುಲ್ಲು. ಎಳ್ಳು ಮೂಸಿ ನೋಡಿ, ಅದರ ಮೇಲೆ ಮಲಗಿ ನಿದ್ದೆ ಹೋಯಿತು. ಮರುವಾರ ಬೇರೊಂದು ಕಡೆ ಕೇಳಿದಾಗ ಭತ್ತದ ಹುಲ್ಲು ಸಿಕ್ಕಿತು. ಅದನ್ನಂತೂ ಮೂಸಲೂ ಇಲ್ಲ.

ಇಲ್ಲಿ ತೊಡಕಾಗಿದ್ದು ನಮ್ಮ ಭಾಷೆಯೇ. ಕನ್ನಡದಲ್ಲಿ ಹಸಿರಾಗಿ ಬೆಳೆದು ನಿಂತದ್ದೂ ಹುಲ್ಲು, ಕಾಳು ಉದುರಿಸಿದ ಮೇಲೆ ಉಳಿದದ್ದೂ ಹುಲ್ಲು. ಮೊಲಕ್ಕೆ ಬೇಕಾದದ್ದು, ತೆನೆ ಬಲಿಯುವ ಮೊದಲೇ ಹಸಿರಾಗಿ ಕೊಯ್ದು, ಹಸಿರು ಉಳಿಯುವಂತೆ ಒಣಗಿಸಿದ ಮೇವಿನ ಹುಲ್ಲು. ರಾಗಿ, ಭತ್ತದ ಹುಲ್ಲಿನಲ್ಲಿ ಸತ್ವವೆಲ್ಲ ಕಾಳಿಗೆ ಹೋಗಿರುತ್ತದೆ. ನಾಲ್ಕು ಹೊಟ್ಟೆಭಾಗಗಳಿರುವ ದನ ಮೆಲುಕು ಹಾಕಿ ಅದರಿಂದಲೂ ಏನಾದರೂ ಹಿಂಡಿಕೊಳ್ಳಬಲ್ಲದು, ಮೊಲ ಮೆಲುಕು ಹಾಕುವ ಪ್ರಾಣಿಯಲ್ಲ. ಹಾಸಿಗೆಗೆ ಅದು ಧಾರಾಳವಾಗಿ ಆಗುತ್ತದೆ, ಊಟಕ್ಕೆ ಅದನ್ನೇ ನೆಚ್ಚುವ ಹಾಗಿಲ್ಲ. ನಮ್ಮೂರಿನಲ್ಲಿ ದಸರಾ ಆನೆಗಳಿಗೆ ಭತ್ತ, ಬೆಲ್ಲ, ಕೊಬ್ಬರಿಯನ್ನೆಲ್ಲ ಭತ್ತದ ಹುಲ್ಲಿನಲ್ಲಿ ಸುತ್ತಿ ಕುಸುರೆ ಕಟ್ಟುತ್ತಾರಲ್ಲ, ಅಲ್ಲಿಯೂ ಸತ್ವ ಇರುವುದು ಒಳಗಿನದರಲ್ಲಿ. ಆದ್ದರಿಂದ ಅಂಗಡಿಗೆ ಹೋಗುವವರು ಬರೀ ‘ಒಣಹುಲ್ಲು’ ಎಂದು ಕೇಳಬೇಡಿ. ‘ಹಸಿರಲ್ಲಿ ಕೊಯ್ದು ಒಣಗಿಸಿದ್ದು, ಕುದುರೆಗೆ ಹಾಕುವಂಥದ್ದು’ ಎಂದು ಕೇಳಿ. ಈ ಒಂದು ವಾಕ್ಯ ಕಲಿಯಲು ನನಗೆ ಒಂದೂವರೆ ತಿಂಗಳು ಬೇಕಾಯಿತು.

ನಡುವೆ ಗರಿಕೆಯ ಪ್ರಯೋಗವೂ ಆಯಿತು. ಗರಿಕೆ ಮೊಲಕ್ಕೆ ಅತ್ಯುತ್ತಮ. ಗಣೇಶನ ಹಬ್ಬ ಮುಗಿದ ವಾರ ದೇವರಾಜ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಕ್ಕ ಗರಿಕೆಯನ್ನು ಚೀಲ ತುಂಬಿ ತಂದು ತಾರಸಿಯ ಮೇಲೆ ಹರವಿದೆ. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆಂಬುದು ಓದಿ ಗೊತ್ತಿತ್ತು, ಕಣ್ಣಾರೆ ಕಂಡದ್ದು ಆಗಲೇ: ನಾಲ್ಕು ಕಿಲೋ ಗರಿಕೆ ಒಣಗಿ ಮುಕ್ಕಾಲು ಕಿಲೋಗೆ ಇಳಿಯಿತು. ಮೂರೂ ಮೊಲಗಳು ಸೇರಿ ಅದನ್ನು ಎರಡೂವರೆ ದಿನದಲ್ಲಿ ಮುಗಿಸಿದವು. ರುಚಿಗೆ, ಔಷಧಿಗೆ ಗರಿಕೆ ಸರಿ. ಸಂಸಾರ ನಡೆಸಲು ಆಗದು. ರಸ್ತೆ ಬದಿಯ ಗರಿಕೆಯನ್ನು ಮಾತ್ರ ಕೀಳಬೇಡಿ. ಬೀದಿ ನಾಯಿಗಳ ಮೂತ್ರ, ವಾಹನದ ಹೊಗೆ, ಕಳೆನಾಶಕ, ಇವುಗಳಲ್ಲಿ ಯಾವುದು ಬಿದ್ದಿದೆಯೋ ಹೇಳಲಾಗದು.

ಸೆಪ್ಟೆಂಬರ್ ಕೊನೆಯಲ್ಲಿ ಅಂತರಜಾಲದ ಒಬ್ಬ ಮಾರಾಟಗಾರರಿಂದ ಹತ್ತು ಕಿಲೋ ‘ಟಿಮೊಥಿ’ ತರಿಸಿದೆ. ಕಿಲೋಗೆ 450 ರೂಪಾಯಿ, ದುಡ್ಡು ಮುಂಗಡ. ಹತ್ತೊಂಬತ್ತು ದಿನ ಕಾದ ಮೇಲೆ ಬಂದ ಡಬ್ಬದಲ್ಲಿ ಮೇಲೆ ಎರಡು ಹಿಡಿ ಹಸಿರು, ಕೆಳಗೆಲ್ಲ ಕಂದು ಕಡ್ಡಿ, ನಡುನಡುವೆ ಮೂರೆಲೆಯ ಕುದುರೆ ಮೆಂತೆ. ಪ್ರಾಣಿಗಳ ಆಹಾರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. ಅಂದಿನಿಂದ, ಡಬ್ಬ ಬಿಚ್ಚುವಾಗ ಮೊದಲ ಕತ್ತರಿಯಿಂದಲೇ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಕುದುರೆ ಮೆಂತೆಯ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಲೂಸರ್ನ್, ಅಲ್ಫಾಲ್ಫಾ ಎಂದೆಲ್ಲ ಕರೆಯುವುದು ಇದನ್ನೇ. ಇದು ಹುಲ್ಲಿನ ಜಾತಿಯದಲ್ಲ, ಬೇಳೆಕಾಳಿನ ಕುಟುಂಬದ್ದು. ಪ್ರೋಟೀನು, ಕ್ಯಾಲ್ಸಿಯಂ ಎರಡೂ ಹೆಚ್ಚು. ಬೆಳೆಯುವ ಮರಿಗಳಿಗೆ ಒಳ್ಳೆಯದು. ಬೆಳೆದ ಮೊಲಗಳು ತಿಂದ ಕ್ಯಾಲ್ಸಿಯಮ್ಮಿನ ಬಹುಪಾಲನ್ನು ಹೀರಿಕೊಂಡು ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುವುದರಿಂದ, ಇದನ್ನೇ ದಿನವೂ ತಿಂದರೆ ಮೂತ್ರಕೋಶದಲ್ಲಿ ಸುಣ್ಣದಂಥ ಕೆಸರು ಕಟ್ಟಬಹುದು. ನಮ್ಮ ಕಡೆ ಇದು ಸುಲಭವಾಗಿ ಸಿಗುತ್ತದೆ, ಮೊಲ ಮುಗಿಬಿದ್ದು ತಿನ್ನುತ್ತದೆ, ಮಾರುವವರೂ ‘ಮೊಲಕ್ಕೆ ಇದೇ ಬೆಸ್ಟು’ ಎನ್ನುತ್ತಾರೆ. ಮಾಂಸಕ್ಕಾಗಿ ಸಾಕುವ, ಬೇಗ ತೂಕ ಬರಬೇಕಾದ ಮೊಲದ ಮಟ್ಟಿಗೆ ಅವರ ಮಾತು ಇರಬಹುದು. ಎಂಟು ಹತ್ತು ವರ್ಷ ಬಾಳಬೇಕಾದ ಮನೆಯ ಮೊಲದ ಲೆಕ್ಕ ಬೇರೆ.

ಸರಿಯಾದ ಸುಳಿವು ಸಿಕ್ಕಿದ್ದು ಕುದುರೆಯವರಿಂದ. ಚಾಮುಂಡಿ ಬೆಟ್ಟದ ಬುಡದಲ್ಲಿ ರೇಸ್ ಕೋರ್ಸು, ಊರೊಳಗೆ ಪೊಲೀಸರ ಅಶ್ವಾರೋಹಿ ದಳ, ಟಾಂಗಾ ಕುದುರೆಗಳು ಬೇರೆ. ಇಷ್ಟೆಲ್ಲ ಕುದುರೆಗಳಿರುವ ಊರಿನಲ್ಲಿ ಅವುಗಳ ಹುಲ್ಲು ಎಲ್ಲಿಂದಲಾದರೂ ಬರಲೇಬೇಕು. ಸವಾರಿ ಕಲಿಸುವ ಒಂದು ಲಾಯದ ಮೇಸ್ತ್ರಿಯನ್ನು ಕೇಳಿದಾಗ, ಅವರು ಒಂದು ಹಿಡಿ ಹುಲ್ಲನ್ನು ಕಿತ್ತು ನನ್ನ ಅಂಗೈಗೆ ಹಾಕಿ, ‘ಇದು ರೋಡ್ಸು ಮೇಡಂ’ ಎಂದರು. ಸಣ್ಣ ಕಡ್ಡಿ, ಉದ್ದನೆಯ ಮೆತ್ತಗಿನ ಎಲೆ, ತುದಿಯಲ್ಲಿ ಬೆರಳುಗಳನ್ನು ಬಿಡಿಸಿದಂಥ ತೆನೆ. ಟಿಮೊಥಿ ಚಳಿನಾಡಿನ ಹುಲ್ಲು, ನಮ್ಮ ಬಿಸಿಲಿಗೆ ಹೊಂದುವುದಿಲ್ಲ. ರೋಡ್ಸ್ ಆಫ್ರಿಕಾ ಮೂಲದ್ದು, ನೀರಾವರಿ ಇದ್ದರೆ ಇಲ್ಲಿ ಮತ್ತೆ ಮತ್ತೆ ಚಿಗುರಿ ಕೊಯ್ಲಿಗೆ ಬರುತ್ತದೆ. ನಾನು ಫೋನಿನಲ್ಲಿ ವಿಚಾರಿಸಿದಾಗ ವೈದ್ಯರು, ಇದೂ ಹುಲ್ಲಿನ ಜಾತಿಯೇ, ಟಿಮೊಥಿಗೆ ಬದಲಾಗಿ ಹಾಕಬಹುದು, ಹಸಿರಾಗಿ, ಧೂಳಿಲ್ಲದೆ ಇರಬೇಕು ಅಷ್ಟೆ ಎಂದರು.

ಇಷ್ಟು ತಿಳಿದ ಮೇಲೂ ಎಡವಿದೆ. ಅಕ್ಟೋಬರ್ ಮೂರನೆಯ ವಾರ ಒಬ್ಬ ಮಧ್ಯವರ್ತಿ ಕಿಲೋಗೆ 38 ರೂಪಾಯಿಯಂತೆ, ಮನೆಗೇ ತಂದುಕೊಡುವುದಾಗಿ ಒಪ್ಪಿದರು. ಎಂಟು ಪಿಂಡಿ, 120 ಕಿಲೋ, 4,560 ರೂಪಾಯಿ. ಯಂತ್ರದಲ್ಲಿ ಒತ್ತಿ ಕಟ್ಟಿದ ಈ ಪಿಂಡಿಗೆ ಎಲ್ಲರೂ ಬೇಲು ಎನ್ನುತ್ತಾರೆ. ಹೊರಗಿನಿಂದ ನೋಡಲು ಹಸಿರಾಗಿಯೇ ಇತ್ತು. ಸಂಜೆ ಮಳೆ ಹನಿಯುತ್ತಿತ್ತು, ಗಾಡಿಗೆ ಟಾರ್ಪಾಲು ಇರಲಿಲ್ಲ. ಮೇಲೆ ಮೇಲೆ ನೆಂದಿದೆ ಅಷ್ಟೆ, ಆರುತ್ತದೆ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಎಂಟನ್ನೂ ಕೆಳಗಿನ ಕಾರ್ ಶೆಡ್ಡಿನಲ್ಲಿ ಗೋಡೆಗೆ ಒರಗಿಸಿ ಒಟ್ಟಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಮಾಡಬಾರದ ಕೆಲಸಗಳನ್ನೆಲ್ಲ ಒಂದೇ ಸಂಜೆ ಮಾಡಿ ಮುಗಿಸಿದ್ದೆ ಎಂದು ಆಗ ತಿಳಿದಿರಲಿಲ್ಲ.

ಆರನೆಯ ದಿನ ಹಾಳೆ ಎತ್ತಿದಾಗ ಬೆಚ್ಚನೆಯ ಹಬೆ ಮುಖಕ್ಕೆ ಬಡಿಯಿತು, ಹೊಗೆಸೊಪ್ಪಿನಂಥ ವಾಸನೆ. ನಡುವಿನ ಪಿಂಡಿಯೊಳಗೆ ಕೈ ತೂರಿಸಿದರೆ ಜ್ವರ ಬಂದವರ ಕಂಕುಳಿನಷ್ಟು ಬಿಸಿ. ಹುರಿ ಕತ್ತರಿಸಿದ ಕೂಡಲೇ ಬೂದುಬಣ್ಣದ ಪುಡಿ ಎದ್ದು ನನಗೇ ಕೆಮ್ಮು ಹತ್ತಿತು. ಒಣಹುಲ್ಲಿನಲ್ಲಿ ತೇವ ನೂರಕ್ಕೆ ಹದಿನೈದರ ಒಳಗಿರಬೇಕು. ಅದನ್ನು ಮೀರಿ ಇಪ್ಪತ್ತರತ್ತ ಹೋದರೆ ಒಳಗೊಳಗೇ ಬೆಂದು ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ವಿಷ ಮೊಲಕ್ಕೂ ಆಗದು, ದನಕ್ಕೂ ಆಗದು. ಹಾಗಾಗಿ ಯಾರಿಗಾದರೂ ಕೊಟ್ಟು ಪುಣ್ಯ ಕಟ್ಟಿಕೊಳ್ಳುವ ಹಾಗೂ ಇರಲಿಲ್ಲ. ಐದು ಪಿಂಡಿ ತಿಪ್ಪೆಗೆ ಹೋಯಿತು. ಉಳಿದ ಮೂರನ್ನು ಬಿಚ್ಚಿ ಫ್ಯಾನಿನ ಕೆಳಗೆ ಎರಡು ವಾರ ಹರವಿದ ಮೇಲೆ ತೂಗಿದಾಗ, 15 ಕಿಲೋ ಎಂದು ಕೊಂಡಿದ್ದ ಒಂದು ಪಿಂಡಿ 12 ಕಿಲೋ 400 ಗ್ರಾಂ ಇತ್ತು. ಅಂದರೆ ಕಿಲೋಗೆ 38 ರೂಪಾಯಿಯಂತೆ ನಾನು ಕೊಂಡದ್ದರಲ್ಲಿ ಮಳೆಯ ನೀರೂ ಸೇರಿತ್ತು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ದೀಪಾವಳಿ ಹತ್ತಿರವಾಗಿತ್ತು, ಕಾರ್ ಶೆಡ್ಡಿನಲ್ಲಿ ಒಣಹುಲ್ಲು ಕಂಡ ಮನೆ ಮಾಲೀಕರಿಗೆ ದಿಗಿಲು ಹುಟ್ಟಿತು. ಒಂದು ರಾಕೆಟ್ ಒಳಗೆ ನುಗ್ಗಿದರೆ ಗತಿಯೇನು ಎಂಬ ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ದಿನ ಮಾತುಕತೆಯಾಗಿ, ಕೊನೆಗೆ ಒಂದು ಹಾಳೆಯ ಮೇಲೆ ಬರೆದುಕೊಟ್ಟೆ: ಹುಲ್ಲನ್ನು ಮಹಡಿಯ ಕೋಣೆಯಲ್ಲಿ ಮಾತ್ರ ಇಡುತ್ತೇವೆ, ಆ ಕೋಣೆಯಲ್ಲಿ ಯುಪಿಎಸ್ ಬ್ಯಾಟರಿಯಾಗಲಿ, ದೀಪವಾಗಲಿ ಇಡುವುದಿಲ್ಲ, ಒಮ್ಮೆಗೆ ಹತ್ತು ಪಿಂಡಿ ಮೀರುವುದಿಲ್ಲ, ಹಾನಿಯಾದರೆ ಹೊಣೆ ನಮ್ಮದು. ಅವರೂ ಸಹಿ ಹಾಕಿದರು. ಆಗ ಅವಮಾನವೆನಿಸಿತ್ತು, ಈಗ ಆ ಚೀಟಿಯೇ ರಕ್ಷೆ. ಬಾಡಿಗೆ ಮನೆಯಲ್ಲಿರುವವರು ಹುಲ್ಲು ಬಂದ ಮೇಲಲ್ಲ, ಬರುವ ಮೊದಲೇ ಮಾತಾಡಿಕೊಳ್ಳುವುದು ಲೇಸು.

ನವೆಂಬರ್, ಡಿಸೆಂಬರ್ ಎರಡು ತಿಂಗಳು ಮತ್ತೆ ಪೊಟ್ಟಣದ ಟಿಮೊಥಿ. ಈ ಬಾರಿ ಮೂರಲ್ಲ, ಹತ್ತು ಪೊಟ್ಟಣ. ಮಗಳ ಹುಟ್ಟುಹಬ್ಬಕ್ಕೆಂದು ಎತ್ತಿಟ್ಟಿದ್ದ ದುಡ್ಡು ಅದಕ್ಕೇ ಹೋಯಿತು. ಅವಳು ಏನೂ ಅನ್ನಲಿಲ್ಲ, ಆದರೆ ಅವಳು ಸುಮ್ಮನಿದ್ದದ್ದೇ ನನಗೆ ಹೆಚ್ಚು ಚುಚ್ಚಿತು. ಹಿಂಗಾರು ಮುಗಿಯುವವರೆಗೆ ದೊಡ್ಡ ಪ್ರಮಾಣದಲ್ಲಿ ಕೊಳ್ಳುವುದೇ ಬೇಡ ಎಂದು ನಿರ್ಧರಿಸಿದ್ದೆ. ನಮ್ಮ ಭಾಗದಲ್ಲಿ ಜನವರಿಯಿಂದ ಏಪ್ರಿಲ್‌ವರೆಗಿನ ಬಿಸಿಲಿನಲ್ಲಿ ಕೊಯ್ದ ಹುಲ್ಲೇ ಸರಿಯಾಗಿ ಒಣಗುವುದು. ಕೊಳ್ಳುವ ಕಾಲವನ್ನು ನಮ್ಮ ಅಗತ್ಯ ನಿರ್ಧರಿಸಿದರೆ ಏನಾಗುತ್ತದೆಂಬುದನ್ನು ತಿಪ್ಪೆಗೆ ಹೋದ ಐದು ಪಿಂಡಿಗಳು ಹೇಳಿದ್ದವು.

ಜನವರಿಯಲ್ಲಿ ಸುತ್ತೂರು ಜಾತ್ರೆಗೆ ಹೋದೆವು. ನಂಜನಗೂಡು ತಾಲ್ಲೂಕಿನ ಈ ಜಾತ್ರೆಯಲ್ಲಿ ದನಗಳ ಪರಿಷೆಯೂ ಕೃಷಿ ಮೇಳವೂ ನಡೆಯುತ್ತವೆ; ಕೃಷಿ ವಿಜ್ಞಾನ ಕೇಂದ್ರವೂ ಆ ಊರಿನಲ್ಲೇ ಇದೆ. ಮೇವಿನ ಬೆಳೆಗಳ ತಾಕಿನ ಮುಂದೆ ನಿಂತು ಹೆಸರು ಓದುತ್ತಿದ್ದಾಗ, ಪಕ್ಕದಲ್ಲಿದ್ದ ಮಧ್ಯವಯಸ್ಸಿನ ರೈತರೊಬ್ಬರು ಎಷ್ಟು ಹಸು ಕಟ್ಟಿದ್ದೀರಿ ಎಂದು ಕೇಳಿದರು. ಮೂರು ಮೊಲ ಎಂದೆ. ಅವರು ನಗಲಿಲ್ಲ. ತಾವು ಎರಡು ಎಕರೆಯಲ್ಲಿ ರೋಡ್ಸ್ ಬೆಳೆದು ಕುದುರೆ ಸಾಕುವವರಿಗೆ ಕೊಡುವುದಾಗಿಯೂ, ಇಪ್ಪತ್ತು ಬೇಲಿಗೆ ಕಡಿಮೆ ಇದ್ದರೆ ಬಿಡಿಯಾಗಿ ಕೊಡಲು ಆಗದೆಂದೂ ಹೇಳಿದರು. ಕಿಲೋಗೆ 32 ರೂಪಾಯಿ, ಹೊಲದಲ್ಲೇ ತೂಕ, ಗಾಡಿ ನಮ್ಮದು. ದರದಲ್ಲಿ ಚೌಕಾಸಿ ಮಾಡಲು ಬಾಯಿ ತೆರೆದೆ. ಅವರು 2023ರ ಬರದ ಮಾತೆತ್ತಿದರು. ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿ, ಮೇವನ್ನು ಹೊರರಾಜ್ಯಗಳಿಗೆ ಸಾಗಿಸಬಾರದೆಂದು ಸರ್ಕಾರ ನಿರ್ಬಂಧ ಹೇರಿದ್ದ ವರ್ಷ ಅದು. ಆ ಸಲ ಬಂದ ಹುಲ್ಲನ್ನು ಊರಿನ ದನಗಳಿಗೇ ಕೊಟ್ಟೆ, ಕುದುರೆಯವರು ಎಷ್ಟು ಕೇಳಿದರೂ ಕೊಡಲಿಲ್ಲ ಎಂದರು. ನಾನು ಚೌಕಾಸಿಯನ್ನು ಅಲ್ಲಿಗೇ ಬಿಟ್ಟೆ.

ಇಪ್ಪತ್ತು ಪಿಂಡಿ ನಮಗೆ ಹೆಚ್ಚು. ನಮ್ಮ ಮೊಲದ ವೈದ್ಯರ ಬಳಿಗೇ ಬರುವ ಇನ್ನೆರಡು ಮನೆಯವರನ್ನು ಮಾತಾಡಿಸಿದೆ. ಒಬ್ಬರ ಬಳಿ ಎರಡು ಮೊಲ, ಇನ್ನೊಬ್ಬರ ಬಳಿ ಎರಡು ಮೊಲ ಹಾಗೂ ನಾಲ್ಕು ಗಿನಿಯಿಲಿಗಳು. ನಮಗೆ ಎಂಟು, ಅವರಿಗೆ ಐದು ಮತ್ತು ಏಳು ಎಂದು ಹಂಚಿಕೆಯಾಯಿತು. ದುಡ್ಡನ್ನು ಮೊದಲೇ ಸೇರಿಸಿಟ್ಟುಕೊಂಡದ್ದು ಒಳ್ಳೆಯದಾಯಿತು. ಹುಲ್ಲು ಬಂದ ಮೇಲೆ ಸ್ನೇಹಿತರ ಬಳಿ ದುಡ್ಡು ಕೇಳುವುದು ಹುಲ್ಲು ಹುಡುಕುವುದಕ್ಕಿಂತ ಕಷ್ಟ.

ಫೆಬ್ರವರಿ ಮೊದಲ ವಾರ ಕೊಯ್ಲಿನ ಸುದ್ದಿ ಬಂದಾಗ ನಾನೊಬ್ಬಳೇ ಹೊಲಕ್ಕೆ ಹೋದೆ. ನಂಜನಗೂಡು ದಾಟಿ ಗುಂಡ್ಲುಪೇಟೆಯ ಕಡೆಗೆ, ನಮ್ಮ ಮನೆಯಿಂದ ನಲವತ್ತೈದು ಕಿಲೋಮೀಟರು. ಕೊಯ್ದ ಹುಲ್ಲನ್ನು ನೆಲದ ಮೇಲೆ ಸಾಲುಸಾಲಾಗಿ ಬಿಟ್ಟು, ಇಬ್ಬನಿ ಆರಿದ ಮೇಲೆ ಮಗುಚುತ್ತಿದ್ದರು. ಹೆಚ್ಚು ಬಿಸಿಲಾದರೆ ಎಲೆ ಉದುರಿ ಬಣ್ಣ ಹೋಗುತ್ತದೆ, ಕಡಿಮೆಯಾದರೆ ಬೂಷ್ಟು. ಎರಡರ ನಡುವಿನ ಹದವನ್ನು ಅವರು ಒಂದು ಹಿಡಿ ಹುಲ್ಲನ್ನು ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡುತ್ತಿದ್ದರು. ಕಡ್ಡಿ ಲಟಕ್ಕೆಂದು ಸೀಳಿದರೆ ಆಯಿತು, ತೊಗಲಿನಂತೆ ಬಳುಕಿದರೆ ಇನ್ನೂ ಒಂದು ಬಿಸಿಲು. ನಾನು ಬ್ಯಾಗಿನಿಂದ ಒಂದು ಗಾಜಿನ ಸೀಸೆ, ಹುರಿದು ಆರಿಸಿದ ಪುಡಿ ಉಪ್ಪು ತೆಗೆದೆ. ಹುಲ್ಲನ್ನು ಸಣ್ಣಗೆ ಕತ್ತರಿಸಿ ಸೀಸೆಗೆ ಹಾಕಿ, ಒಂದು ಚಮಚ ಉಪ್ಪು ಬೆರೆಸಿ, ಮುಚ್ಚಳ ಬಿಗಿದು ಒಂದೆರಡು ನಿಮಿಷ ಅಲ್ಲಾಡಿಸಬೇಕು. ತೇವವಿದ್ದರೆ ಉಪ್ಪು ಗಂಟುಕಟ್ಟುತ್ತದೆ, ಇಲ್ಲದಿದ್ದರೆ ಹರಳು ಹರಳಾಗಿ ತಳದಲ್ಲಿ ಸರಿದಾಡುತ್ತದೆ. ರೈತರ ಮಗ ಸೀಸೆಯನ್ನು ಬಿಸಿಲಿಗೆ ಹಿಡಿದು ಇಣುಕಿದ. ಮೊದಲ ದಿನ ಗಂಟು ಬಿತ್ತು. ‘ಶುಕ್ರವಾರ ಬನ್ನಿ ಅಕ್ಕಾ’ ಎಂದ. ಶುಕ್ರವಾರ ಉಪ್ಪು ಮರಳಿನಂತೆ ಉದುರಿತು.

ಅಂದು ಬಾಡಿಗೆಗೆ ಒಂದು ಟಾಟಾ ಏಸ್ ಹಿಡಿದಿದ್ದೆ. ಹುಲ್ಲಿಗೆ ತೂಕಕ್ಕಿಂತ ಜಾಗ ಹೆಚ್ಚು ಬೇಕು. ಇಪ್ಪತ್ತು ಪಿಂಡಿಗೇ ಗಾಡಿ ತುಂಬಿ ಮೇಲಕ್ಕೆ ಎದ್ದಿತು. ಪಿಂಡಿಗೆ ಹದಿನೈದು ಕಿಲೋ ಎಂಬ ಅಂದಾಜಿನಲ್ಲಿ ಮುನ್ನೂರು ಕಿಲೋಗೆ ದುಡ್ಡು ಕೊಡಲು ಹೊರಟಾಗ, ಹೊಲದ ತಕ್ಕಡಿ ಬೇಡ, ವೇ ಬ್ರಿಡ್ಜಿನಲ್ಲಿ ತೂಗಿಸೋಣ ಎಂದು ರೈತರೇ ಹೇಳಿದರು. ಖಾಲಿ ಗಾಡಿಯ ತೂಕ ಬರುವಾಗಲೇ ಆಗಿತ್ತು. ತುಂಬಿದ ತೂಕದಿಂದ ಅದನ್ನು ಕಳೆದರೆ 290 ಕಿಲೋ. ಹುಲ್ಲಿಗೆ 9,280 ರೂಪಾಯಿ, ಗಾಡಿಗೆ 3,000, ಪಿಂಡಿಗೆ ಇಪ್ಪತ್ತರಂತೆ ಹಮಾಲಿ 400, ವೇ ಬ್ರಿಡ್ಜಿಗೆ ಎರಡು ಸಲಕ್ಕೆ 120. ಒಟ್ಟು 12,800. ಎಂಟು ಪಿಂಡಿಯ ನಮ್ಮ ಪಾಲು 5,120 ರೂಪಾಯಿ, ಅಂದರೆ ಪೊಟ್ಟಣದ ಟಿಮೊಥಿಗೆ ಇಪ್ಪತ್ತು ದಿನಕ್ಕೆ ಸುರಿಯುತ್ತಿದ್ದ ದುಡ್ಡು. ವೇ ಬ್ರಿಡ್ಜಿನ ಎರಡೂ ಚೀಟಿಗಳನ್ನೂ ರೈತರು ಬಿಳಿ ಹಾಳೆಯಲ್ಲಿ ಬರೆದುಕೊಟ್ಟ ರಸೀದಿಯನ್ನೂ ಚಿತ್ರ ತೆಗೆದು ಉಳಿದಿಬ್ಬರಿಗೂ ಅಲ್ಲಿಂದಲೇ ಕಳಿಸಿದೆ. ಈ ಸಲ ಟಾರ್ಪಾಲನ್ನು ಮನೆಯಿಂದಲೇ ಒಯ್ದಿದ್ದೆ. ಮೋಡದ ಸುಳಿವೂ ಇರಲಿಲ್ಲ, ಆದರೂ ಹೊದಿಸಿಕೊಂಡೇ ಬಂದೆವು.

ಮಹಡಿಯ ಕೋಣೆಗೆ ನಾಲ್ಕು ಹಳೆಯ ಮರದ ಪ್ಯಾಲೆಟ್ಟುಗಳನ್ನು ಒಂದಕ್ಕೆ ಇನ್ನೂರರಂತೆ ತಂದು ಹಾಸಿದ್ದೆವು. ಪಿಂಡಿಗಳು ನೆಲಕ್ಕೂ ಗೋಡೆಗೂ ತಾಗದಂತೆ, ನಡುವೆ ಗಾಳಿ ಆಡುವಂತೆ ಇವೆ. ಕಿಟಕಿಗೆ ಬಲೆ, ಬಾಗಿಲ ಕೆಳಗೆ ಇಲಿ ನುಸುಳದಂತೆ ತಗಡಿನ ಪಟ್ಟಿ. ಬೆಳಕು ಬಿದ್ದಷ್ಟೂ ಹಸಿರು ಮಾಸುವುದರಿಂದ ಕಿಟಕಿಗೆ ಹಳೆಯ ಸೀರೆ. ಪ್ಲಾಸ್ಟಿಕ್ ಹಾಳೆಯನ್ನು ಆ ಕೋಣೆಗೆ ಸೇರಿಸಿಲ್ಲ. ಮೊದಲ ಎರಡು ವಾರ ದಿನವೂ ಪಿಂಡಿಗಳೊಳಗೆ ಕೈ ತೂರಿಸಿ ಬಿಸಿಯಿದೆಯೇ ಎಂದು ನೋಡುತ್ತಿದ್ದೆ, ಒಮ್ಮೆ ಸುಟ್ಟುಕೊಂಡವಳ ಭಯ. ವಾರಕ್ಕಾಗುವಷ್ಟು ಹುಲ್ಲನ್ನು ಮಾತ್ರ ಬಿಚ್ಚಿ, ಕೊಡವಿ, ಹತ್ತಿ ಬಟ್ಟೆಯ ಚೀಲಕ್ಕೆ ತುಂಬಿ ಕೆಳಗೆ ತರುತ್ತೇವೆ. ಕೊಡವುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು. ಹುಲ್ಲಿನ ನಡುವೆ ಕಾಂಗ್ರೆಸ್ ಗಿಡದ ಒಣ ಟೊಂಗೆ, ಲಂಟಾನದ ಎಲೆ, ಒಮ್ಮೆ ಒಂದು ಬೀಡಿಯ ತುಂಡು ಸಿಕ್ಕಿವೆ. ಹೊಲದ ಹುಲ್ಲೆಂದ ಮೇಲೆ ಇವು ಇದ್ದದ್ದೇ, ಆರಿಸಬೇಕು. ಪಿಂಡಿ ಕಟ್ಟಿದ ಪ್ಲಾಸ್ಟಿಕ್ ಹುರಿಯನ್ನು ಕತ್ತರಿಸಿದ ಕೂಡಲೇ ಎಣಿಸಿ ಕಸಕ್ಕೆ ಹಾಕುತ್ತೇನೆ. ಪಿಂಡಿಗೆ ಎರಡು. ಒಂದು ತುಂಡು ಮೊಲದ ಹೊಟ್ಟೆ ಸೇರಿದರೂ ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು.

ಇಷ್ಟೆಲ್ಲ ಮಾಡಿ ಹುಲ್ಲನ್ನು ಮುಂದಿಟ್ಟ ಮೊದಲ ರಾತ್ರಿ ಮೂರೂ ಮೊಲಗಳು ಅದನ್ನು ಮುಟ್ಟಲಿಲ್ಲ. ಅವಲಕ್ಕಿ ಒಂದು ಕಡ್ಡಿಯನ್ನು ಎತ್ತಿ ತಟ್ಟೆಯಾಚೆ ಎಸೆಯಿತು. ಆ ರಾತ್ರಿ ನನಗೆ ಅಳು ಬಂದದ್ದು ನಿಜ. ಮರುದಿನ ವೈದ್ಯರು ಬೈದರು: ಯಾವ ಹುಲ್ಲೇ ಆಗಲಿ ಒಮ್ಮೆಲೇ ಬದಲಿಸಬಾರದು. ಉಳಿದಿದ್ದ ಒಂದೂವರೆ ಕಿಲೋ ಟಿಮೊಥಿಯಲ್ಲಿ ಕಾಲು ಭಾಗ ರೋಡ್ಸ್ ಬೆರೆಸಿ, ನಾಲ್ಕು ದಿನಕ್ಕೊಮ್ಮೆ ಪಾಲು ಹೆಚ್ಚಿಸುತ್ತ, ಒಣಗಿಸಿದ ಗರಿಕೆಯನ್ನೂ ಕೊತ್ತಂಬರಿ ಕಡ್ಡಿಯನ್ನೂ ಮೇಲೆ ಉದುರಿಸುತ್ತ ಎರಡು ವಾರ ಕಳೆದೆವು. ಬೆಳಗಿನ ಗುಳಿಗೆಯನ್ನು ಅರ್ಧಕ್ಕೆ ಇಳಿಸಿದೆವು. ದಿನವೂ ಹಿಕ್ಕೆ ಎಣಿಸಿದೆವು, ಇದನ್ನು ಬಿಡಬೇಡಿ. ಗಾತ್ರ ಇಳಿದರೆ ಬದಲಾವಣೆಯನ್ನು ಅಲ್ಲಿಗೇ ತಡೆಯಬೇಕು. ಹನ್ನೊಂದನೆಯ ದಿನ ಬೆಲ್ಲ ರೋಡ್ಸಿನ ಉದ್ದನೆಯ ಎಲೆಯೊಂದನ್ನು ತುದಿಯಿಂದ ಹಿಡಿದು, ಕಾಗದ ನುಂಗುವ ಯಂತ್ರದಂತೆ ಒಂದೇ ಸಮನೆ ಒಳಗೆಳೆದುಕೊಂಡಿತು. ಈಗ ಅದರ ಹಿಕ್ಕೆಗಳು ಕಡಲೆಕಾಳಿಗಿಂತ ದಪ್ಪ, ಒಡೆದರೆ ಒಳಗೆಲ್ಲ ನಾರು.

ಗಟ್ಟಿ ಕಡ್ಡಿಗಳನ್ನು ಅವು ಬಿಟ್ಟುಬಿಡುತ್ತವೆ, ನೂರಕ್ಕೆ ಹದಿನೈದರಷ್ಟು ಹಾಗೆ ಉಳಿಯುತ್ತದೆ. ಅದನ್ನು ಮೂತ್ರದ ತಟ್ಟೆಗೆ ಹಾಸುತ್ತೇವೆ, ಆಮೇಲೆ ಅದು ಕರಿಬೇವಿನ ಗಿಡದ ಬುಡ ಸೇರುತ್ತದೆ. ಒಮ್ಮೆಗೇ ಎಂಟು ಪಿಂಡಿ ತಂದದ್ದು ನಮಗೆ ಸ್ವಲ್ಪ ಹೆಚ್ಚಾಯಿತೇನೋ ಎಂಬ ಅನುಮಾನ ಇದ್ದೇ ಇದೆ. ಈ ಲೆಕ್ಕದಲ್ಲಿ ಅದು ಮುಂದಿನ ಜನವರಿಯವರೆಗೆ ಬರುತ್ತದೆ, ನಡುವೆ ಇಡೀ ಮಳೆಗಾಲವಿದೆ. ಜೂನ್‌ಗೆ ಮೊದಲು ಎರಡು ಪಿಂಡಿಯನ್ನು ಗಿನಿಯಿಲಿಯವರಿಗೆ ಕೊಂಡ ಬೆಲೆಗೇ ಕೊಡುವುದೆಂದು ಮಾತಾಗಿದೆ. ಮೊನ್ನೆ ರೈತರು ಕರೆ ಮಾಡಿ, ಏಪ್ರಿಲ್ ಕೊಯ್ಲಿಗೆ ಇನ್ನೂ ಮೂವತ್ತು ಬೇಲು ಬಾಕಿ ಇವೆ, ನಿಮ್ಮ ಪೈಕಿ ಮೊಲ ಸಾಕಿದವರು ಇನ್ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಹತ್ತು ಬೇಲಿಗೆ ಇಬ್ಬರು ಸಿಕ್ಕಿದ್ದಾರೆ, ಅವರು ಹೇಳಿದ್ದ ಇಪ್ಪತ್ತಾಗಲು ಇನ್ನು ಹತ್ತಕ್ಕೆ ಹುಡುಕುತ್ತಿದ್ದೇನೆ.